ಬಾಗಿಲಿಂದ ಮೊದಲನೆಯದು

"ಒಂದು ಪಾಯಿಂಟ್ ಏಳು," ಎಂದು ಅಧಿಕಾರಿ ಪಟ್ಟಿಯ ಮೇಲೆ ಬೆರಳಿಟ್ಟು ಓದಿದರು. "ಮಾರನೇ ದಿನ, ಒಂದು ಪಾಯಿಂಟ್ ಏಳು. ಅದರ ಮಾರನೇ ದಿನಾನೂ ಅಷ್ಟೇ. ಹದಿನಾರು ದಿನವೂ ಇದೇ ಕಥೆ. ಇರ್ಬೇಕಾದ್ದು ಒಂದೂವರೆ ಒಳಗೆ. ನಾನೇನು ಮಾಡ್ಲಿ, ನೀನೇ ಹೇಳಮ್ಮ."

ಮೇಜಿನ ಈಚೆ ನಿಂತಿದ್ದ ಹಣ್ಣಿನಂಗಡಿಯ ಕಿರಿ ಸೊಸೆ ಪಟ್ಟಿಯತ್ತ ಬಾಗಿ ಅಂಕಿಗಳನ್ನು ತಾನೂ ಓದಿದಳು. ಬಂದರಿನ ತಪಾಸಣೆ ಶೆಡ್ಡಿನೊಳಗೆ ಹಲ್ಲು ಕಟಕಟಿಸುವ ಚಳಿ. ಬೆಳಗ್ಗೆಯಿಂದ ಎಲ್ಲ ಹೂವಿನ ಸರ ಎತ್ತಿದ ಹಾಗೆ ನಡೆದಿತ್ತು. ಕಂಟೇನರಿನ ಸೀಲ್ ನಂಬರು ಕಾಗದಕ್ಕೆ ತಾಳೆಯಾಗಿತ್ತು. ಆಮದು ಪರವಾನಗಿ, ಹಣ್ಣು ಬೆಳೆದ ದೇಶದವರು ಕೊಟ್ಟ ಆರೋಗ್ಯ ಪತ್ರ, ಪೆಟ್ಟಿಗೆಗಳ ಮೇಲಿನ ತೋಟದ ಗುರುತು, ಯಾವುದರಲ್ಲೂ ಕೊಂಕಿರಲಿಲ್ಲ. ಅರ್ಧದಷ್ಟು ಪೆಟ್ಟಿಗೆಗಳನ್ನು ಹೊರಗಿಳಿಸಿ, ಅಲ್ಲೊಂದು ಇಲ್ಲೊಂದು ಕಿತ್ತಳೆ ಆರಿಸಿ, ಕುಯ್ದು, ಭೂತಗನ್ನಡಿ ಹಿಡಿದು ನೋಡಿದ್ದೂ ಆಗಿತ್ತು. ಹುಳ ಇಲ್ಲ, ಮೊಟ್ಟೆ ಇಲ್ಲ, ತೊಟ್ಟಿಗೊಂದು ಎಲೆಯ ಚೂರು ಕೂಡ ಇಲ್ಲ. ಉಳಿದದ್ದು ತಂಪಿನ ಪಟ್ಟಿಯೊಂದೇ.

ಹಣ್ಣುನೊಣ ಎಂಬ ಪೀಡೆಯೊಂದಿದೆ. ಅದು ಸಿಪ್ಪೆಯೊಳಗೆ ಮೊಟ್ಟೆ ಇಟ್ಟರೆ ಭೂತಗನ್ನಡಿಗೂ ಕಾಣದೇ ಇರಬಹುದು. ಅದಕ್ಕಾಗಿಯೇ ಹಡಗಿನಲ್ಲಿ ಬರುವ ಹದಿನಾರು ದಿನವೂ ಹಣ್ಣಿನ ತಿರುಳು ಒಂದೂವರೆ ಡಿಗ್ರಿಯೊಳಗೆ ತಣ್ಣಗಿರಬೇಕು. ಆಗ ಮೊಟ್ಟೆ ಇದ್ದರೂ ಸಾಯುತ್ತದೆ. ತಣ್ಣಗಿತ್ತು ಎನ್ನುವುದಕ್ಕೆ ಸಾಕ್ಷಿ ಮೂರು ಥರ್ಮಾಮೀಟರು. ಕಂಟೇನರಿನ ಮೂರು ಕಡೆ ಮೂರು ಕಿತ್ತಳೆಗೆ ಕಡ್ಡಿಯಂಥ ಮೂರು ಮುಳ್ಳು ಚುಚ್ಚಿ, ವೈರು ಎಳೆದು, ಗಂಟೆಗೊಮ್ಮೆ ಲೆಕ್ಕ ಬರೆಯುವ ಯಂತ್ರಕ್ಕೆ ಸಿಕ್ಕಿಸಿರುತ್ತಾರೆ. ಎರಡು ಮುಳ್ಳು ಸರಿಯಾಗಿದ್ದು ಒಂದು ತಪ್ಪಿದರೂ ಇಡೀ ಕಂಟೇನರು ತಪ್ಪಿದ ಹಾಗೆ. ಇಲ್ಲಿ ತಪ್ಪಿದ್ದು ಒಂದನೇ ನಂಬರಿನದು.

"ಇಲ್ಲೇ ಇನ್ನು ಹದಿನಾರು ದಿನ ತಂಪಲ್ಲಿ ಇಟ್ಬಿಟ್ರೆ ಮೇಡಂ?"

"ಆ ದೇಶದ ಕಿತ್ತಳೆಗೆ ಆ ಅವಕಾಶ ಇಲ್ಲ. ವಾಪಸ್ ಕಳಿಸ್ಬೇಕು, ಇಲ್ಲಾಂದ್ರೆ ಗುಂಡಿ ತೋಡಿ, ಸುಣ್ಣ ಹಾಕಿ ಹೂಳ್ಬೇಕು. ನಾಲ್ಕೂವರೆಗೆ ಆದೇಶ ಕಂಪ್ಯೂಟರಿಗೆ ಹಾಕ್ತೀನಿ. ಹೊಸಬರ ಮೊದಲನೇ ಕಂಟೇನರೇ ಹೀಗಾದ್ರೆ ಪರವಾನಗಿನೂ ಹೋಗುತ್ತೆ. ಅದೂ ನಿಂಗೆ ಗೊತ್ತಿರ್ಬೇಕು." ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಗೋಡೆಯ ಗಡಿಯಾರದಲ್ಲಿ ಒಂದೂವರೆ. ಕಾಗದಪತ್ರ ಮಾಡಿಸಿಕೊಟ್ಟಿದ್ದ ಏಜೆಂಟು ಪಟ್ಟಿಯನ್ನು ಒಂದು ಸಲ ನೋಡಿ, ಕಿವಿಗೆ ಫೋನು ಹಚ್ಚಿಕೊಂಡು, "ಬೇರೆ ಪಾರ್ಟಿದು ಕಾಯ್ತಿದೆ" ಎಂದು ಆಗಲೇ ಜಾಗ ಖಾಲಿ ಮಾಡಿದ್ದ. ಉಳಿದವರು ಅವಳು ಮತ್ತು ಅವಳ ಭಾವ. ಭಾವ ಅಂದರೆ ಗಂಡನ ಅಣ್ಣ. ಗಂಡಸಾದರೂ ಕಷ್ಟ ಬಂದಾಗ ಉಗುರು ಕಚ್ಚುವ ಮನುಷ್ಯ.

"ಹೇಳಿದ್ದೆ ನಾನು," ಎಂದ ಭಾವ, ಉಗುರು ಕಚ್ಚುತ್ತ. "ಹೇಳಿರ್ಲಿಲ್ವಾ ಲ್ಯಾಬು? ಕೂತು ಉಣ್ಣೋದು ಬಿಟ್ಟು ಹಡಗು ಹತ್ತೋಕೆ ಹೋದ್ವಿ."

'ಲ್ಯಾಬು' ಎನ್ನುವುದು ಅವನು ಅವಳಿಗಿಟ್ಟ ಹೆಸರು. ಅಂಗಡಿಗೆ ಬರುವ ಮೊದಲು ಅವಳು ಹನ್ನೊಂದು ವರ್ಷ ಒಂದು ಶಾಲೆಯ ಪ್ರಯೋಗಶಾಲೆಯಲ್ಲಿ ಸಹಾಯಕಿಯಾಗಿದ್ದಳು. ಗಾಜಿನ ಪಾತ್ರೆ ತೊಳೆದು, ಮೇಜು ಒರೆಸಿ, ಪಾಠಕ್ಕೆ ಮೊದಲು ಎಲ್ಲ ಸಜ್ಜು ಮಾಡಿಟ್ಟು, ಪಾಠ ಶುರುವಾದಾಗ ಹಿಂದಿನ ಬಾಗಿಲಿಂದ ಆಚೆ ಹೋಗುವ ಕೆಲಸ. ಅದನ್ನು ಬಿಟ್ಟು ಮನೆಯವರ ಅಂಗಡಿಯಲ್ಲಿ ಕೂತ ಮೇಲೆ ಅವಳಿಗೆ ಕಂಡದ್ದು ಒಂದೇ: ಹೊರದೇಶದ ಹಣ್ಣು ತರಿಸುವ ಸಗಟು ವ್ಯಾಪಾರಿ ತನಗೆ ಬೇಕಾದವರಿಗೆ ಒಳ್ಳೆಯದನ್ನು ಕೊಟ್ಟು, ಉಳಿದ ಗೊಡ್ಡು ಹಣ್ಣನ್ನು ಇವರ ತಲೆಗೆ ಕಟ್ಟುತ್ತಿದ್ದ. ನಾವೇ ಯಾಕೆ ತರಿಸಬಾರದು ಎಂದು ಅವಳು ಕೇಳಿದ ದಿನ ಅಂಗಡಿಯಲ್ಲಿ ಎಲ್ಲರೂ ನಕ್ಕರು, ಅತ್ತೆಯೊಬ್ಬರನ್ನು ಬಿಟ್ಟು. ಅತ್ತೆ ಅಷ್ಟು ಸುಲಭಕ್ಕೆ ನಗುವವರಲ್ಲ.

ಅವಳು ಒಂದು ವರ್ಷ ನಿಯಮದ ಪುಸ್ತಕಗಳನ್ನು ಅರೆದು ಕುಡಿದಳು. ಕೊನೆಗೆ ಅತ್ತೆ ತಮ್ಮ ಸ್ಟೂಲಿನ ಮೇಲೆ ಕೂತಲ್ಲಿಂದಲೇ ಅಂದರು: "ಮಾಡು. ಗೆದ್ರೆ ಅಂಗಡಿ ನಿನ್ನ ಮಾತು ಕೇಳುತ್ತೆ. ಕೆಟ್ರೆ ಮಾತ್ರ, ಇನ್ಮೇಲೆ ಇಲ್ಲಿ ತೂಕ ಹಾಕು ಅಷ್ಟೇ, ಬೇರೇನೂ ಹೇಳ್ಬೇಡ." ಅಲ್ಲಿಗೆ ಒಪ್ಪಂದ ಮುಗಿಯಿತು. ಅತ್ತೆಯ ಮಾತು ಕಲ್ಲಿನಲ್ಲಿ ಕೊರೆದ ಹಾಗೆ. ಈಗ ಕಂಟೇನರು ಹೂಳಿದರೆ ಹಣ್ಣಿನ ಜೊತೆ ಅವಳ ಬಾಯಿಯೂ ಮಣ್ಣಿನೊಳಗೇ.

ಇದ್ದ ಸಂಕಟ ಸಾಲದೆಂಬಂತೆ ಅಧಿಕಾರಿ ಭಾವನಿಗೆ ಒಂದು ಕೆಲಸ ಹೇಳಿದರು. "ಸ್ಯಾಂಪಲ್ ತೆಗೆದ ಪೆಟ್ಟಿಗೆಗೆ ಟೇಪ್ ಹಾಕ್ಬೇಕು. ಆ ಸಾಲಲ್ಲಿ ಮೂರನೇದು, ತಗೊಂಡು ಬನ್ನಿ."

ಭಾವ ಹೋಗಿ ಒಂದು ಪೆಟ್ಟಿಗೆ ಹೊತ್ತು ತಂದ. ಅದರ ಮುಚ್ಚಳವನ್ನೇ ತೆರೆದಿರಲಿಲ್ಲ.

"ಇದಲ್ಲ ರೀ. ಮೂರನೇದು ಅಂದೆ."

"ಮೂರನೇದೇ ಮೇಡಂ, ಬಾಗಿಲಿಂದ ಮೂರನೇದು."

"ಬಾಗಿಲಿಂದ ಯಾಕೆ ಎಣಿಸ್ತೀರಿ? ಒಳಗಿಂದ ಮೂರನೇದು!"

ಕಿರಿ ಸೊಸೆ ತಲೆಯೆತ್ತಿದಳು. ಈ ಜಗಳ ಅವಳಿಗೆ ಬಾಯಿಪಾಠವಾಗಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗಳ ಸಾಲಿದೆ. ಗೋಡೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುವ ಅತ್ತೆ ಗೋಡೆಯಿಂದ ಎಣಿಸುತ್ತಾರೆ. ಮೊದಲು ಒಳಗೆ ಬಂದದ್ದು ಗೋಡೆಗೆ ತಾಗಿದ್ದು, ಹಾಗಾಗಿ ಅದೇ ಒಂದನೆಯದು. ಬಾಗಿಲಲ್ಲಿ ನಿಲ್ಲುವ ಭಾವನಿಗೆ ಕೈಗೆ ಸಿಗುವುದೇ ಒಂದನೆಯದು. "ಮೂರನೇದು ತಾ" ಎಂದು ಅತ್ತೆ ಕೂಗುವುದು, ಭಾವ ಬೇರೆಯದನ್ನು ತರುವುದು, ತಾಯಿ ಮಗ ಇಬ್ಬರೂ ಬೀದಿಗೆ ಕೇಳುವಂತೆ ಕಿರುಚುವುದು, ಇದು ದಿನಕ್ಕೆರಡು ಸಲ. ಒಮ್ಮೆ ಇವಳು ಬೇಸತ್ತು ನೆಲದ ಮೇಲೆ ಬಣ್ಣದಲ್ಲಿ ಅಂಕಿ ಬರೆದಿದ್ದಳು. ಬಣ್ಣ ಒಣಗುವ ಮೊದಲೇ ಅತ್ತೆ ಒದ್ದೆ ಬಟ್ಟೆ ತಂದು ಅಳಿಸಿ, "ನಿನ್ನ ಲ್ಯಾಬು ಇಲ್ಲಿ ಬೇಡ" ಎಂದಿದ್ದರು.

"ಮೇಡಂ," ಎಂದಳು ಅವಳು. "ಅಲ್ಲಿಯವರು ಕಳಿಸಿದ ಐಸ್ ಪರೀಕ್ಷೆ ಕಾಗದ ಒಂದ್ಸಲ ಕೊಡ್ತೀರಾ?"

ಹಣ್ಣಿಗೆ ಚುಚ್ಚುವ ಮೊದಲು ಆ ಮೂರು ಮುಳ್ಳುಗಳನ್ನೂ ಕರಗುವ ಮಂಜುಗಡ್ಡೆಯಲ್ಲಿ ಅದ್ದಿ ನೋಡುತ್ತಾರೆ. ಅಲ್ಲಿ ಸೊನ್ನೆಯನ್ನೇ ತೋರಿಸಬೇಕು. ಹೆಚ್ಚೋ ಕಡಿಮೆಯೋ ತೋರಿಸಿದರೆ ಅದನ್ನು ಬರೆದಿಟ್ಟು, ಆಮೇಲೆ ದಿನದ ಲೆಕ್ಕದಲ್ಲಿ ಕಳೆಯುತ್ತಾರೆ, ಇಲ್ಲ ಕೂಡುತ್ತಾರೆ. ಕಾಗದದಲ್ಲಿ ಹೀಗಿತ್ತು: ಒಂದನೆಯದು ಸರಿ, ಎರಡನೆಯದು ಸರಿ, ಮೂರನೆಯದು ಪಾಯಿಂಟ್ ಮೂರು ಹೆಚ್ಚು ತೋರಿಸುತ್ತದೆ.

ಅವಳು ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಹಣ್ಣು ತುಂಬೋರು ಒಳಗಿನ ಗೋಡೆಯಿಂದ ತುಂಬ್ತಾ ಬರ್ತಾರೆ. ಅವರಿಗೆ ಒಳಗಿಂದೇ ಒಂದು, ಬಾಗಿಲ ಹತ್ರದ್ದು ಮೂರು. ಲೆಕ್ಕ ಬರೆಯೋ ಯಂತ್ರ ಬಾಗಿಲಿಂದ ಎಣಿಸ್ತಾ ಇದ್ರೆ? ಅವರ ಮೂರು ನಮ್ಮ ಒಂದು ಆಗುತ್ತೆ. ಹೆಚ್ಚು ತೋರಿಸೋ ಮುಳ್ಳು ಈ ಒಂದನೇದೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೀವಿ ಮೇಡಂ! ಒಂದು ಪಾಯಿಂಟ್ ಏಳರಲ್ಲಿ ಪಾಯಿಂಟ್ ಮೂರು ಕಳೀರಿ."

"ಒಂದು ಪಾಯಿಂಟ್ ನಾಲ್ಕು," ಎಂದ ಭಾವ ತಟ್ಟನೆ. ಲೆಕ್ಕದಲ್ಲಿ ಅವನು ಯಾವತ್ತೂ ಚುರುಕು.

ಅಧಿಕಾರಿ ನಗಲಿಲ್ಲ, ಬೈಯಲೂ ಇಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹಣ್ಣು ಬೆಚ್ಚಗಾದೋರೆಲ್ಲ ನನ್ನ ಹತ್ರ ಬಂದು ಥರ್ಮಾಮೀಟರ್ ತಪ್ಪು ಅಂತಾನೇ ಹೇಳೋದು."

"ಹಾಗಾದ್ರೆ ನೆಲಾನೇ ಅಳೆದು ನೋಡೋಣ. ಆಮದು ಮಾಡೋರು ಬರೆದು ಕೇಳಿದ್ರೆ ಅಧಿಕಾರಿ ಎದುರಿಗೆ ಐಸಲ್ಲಿ ಮರುಪರೀಕ್ಷೆ ಮಾಡ್ಬಹುದು ಅಂತ ನಿಯಮದ ಪುಸ್ತಕದಲ್ಲೇ ಇದೆ ಮೇಡಂ. ಕೊನೇ ಪುಟದ ಹಿಂದಿನ ಪುಟ."

ಅಧಿಕಾರಿ ಕನ್ನಡಕದ ಮೇಲಿನಿಂದ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. "ಇಪ್ಪತ್ತೆರಡು ವರ್ಷದಲ್ಲಿ ಅದನ್ನ ಯಾರೂ ಕೇಳಿಲ್ಲ."

"ನಾನು ಕೇಳ್ತಾ ಇದೀನಿ." ಅವಳು ಅಲ್ಲೇ ನಿಂತು ಅರ್ಜಿ ಬರೆದಳು. ಅಕ್ಷರ ಪ್ರಯೋಗಶಾಲೆಯ ಬಾಟಲಿಗಳಿಗೆ ಅಂಟಿಸುತ್ತಿದ್ದ ಚೀಟಿಯ ಮೇಲಿನದರಷ್ಟೇ ಗುಂಡಾಗಿತ್ತು.

"ನಾಲ್ಕೂವರೆ ತನಕ," ಎಂದರು ಅಧಿಕಾರಿ. "ಐಸು ನಿಮ್ಮದು."

ಕಂಟೇನರುಗಳ ತಂಪು ಯಂತ್ರ ನೋಡಿಕೊಳ್ಳುವ ಮಿಸ್ತ್ರಿಯೊಬ್ಬ ಅಲ್ಲಿದ್ದ, ಕಿವಿಗೆ ಉಣ್ಣೆಯ ಟೋಪಿ ಎಳೆದುಕೊಂಡ ಮುದುಕ. ಅವನು ಒಳಹೊಕ್ಕು ಮೂರು ವೈರುಗಳನ್ನು ಹಿಡಿದು ತಂದ. ಒಂದೊಂದರ ತುದಿಗೂ ಒಂದೊಂದು ಕಿತ್ತಳೆ ನೇತಾಡುತ್ತಿತ್ತು. "ವೈರಲ್ಲಿ ಇನ್ನೂ ಜೀವ ಇದೆ ತಾಯಿ. ಯಂತ್ರದ ಪರದೇಲಿ ಲೆಕ್ಕ ಕಾಣುತ್ತೆ. ಐಸು ತಂದ್ರೆ ಸೈ."

ಐಸು ಎಂದ ಕೂಡಲೇ ಭಾವ ಓಡಿದ. ಉಗುರು ಕಚ್ಚುವವನಿಗೆ ಓಡುವ ಕೆಲಸ ಸಿಕ್ಕರೆ ಅದಕ್ಕಿಂತ ಭಾಗ್ಯ ಬೇರಿಲ್ಲ. ಮುಕ್ಕಾಲು ಗಂಟೆಯಲ್ಲಿ ಪಕ್ಕದ ಮೀನು ಕಟ್ಟೆಯಿಂದ ಒಂದು ತೊಟ್ಟಿ ತುಂಬ ಪುಡಿ ಮಂಜುಗಡ್ಡೆಯನ್ನು ತಲೆಯ ಮೇಲೆ ಹೊತ್ತುಕೊಂಡು ಬಂದ. ನೀರು ಇಳಿದು ಅಂಗಿ ಮೈಗಂಟಿತ್ತು. "ಬಿಟ್ಟಿ ಕೊಟ್ರು ಲ್ಯಾಬು! ತೊಟ್ಟಿ ಸಮೇತ!"

ಅವಳಿಗೂ ಆತುರ. ತೊಟ್ಟಿಗೆ ನೀರು ಹಾಕಿ, ಕಲಕಿ, ಮೂರು ಮುಳ್ಳನ್ನೂ ಇಳಿಬಿಟ್ಟಳು. ಎಲ್ಲರೂ ಪರದೆ ನೋಡಿದರು. ಲೆಕ್ಕ ಇಳಿಯಿತು, ಸೊನ್ನೆ ಮುಟ್ಟಿತು, ಅಲ್ಲಿ ನಿಲ್ಲದೆ ಇನ್ನೂ ಕೆಳಗಿಳಿಯಿತು. ಮೊದಲನೆಯದು ಸೊನ್ನೆಗಿಂತ ಒಂದು ಪಾಯಿಂಟ್ ಒಂದು ಕೆಳಗೆ. ಉಳಿದೆರಡು ಒಂದು ಪಾಯಿಂಟ್ ನಾಲ್ಕು ಕೆಳಗೆ.

"ನೋಡಿ ಮೇಡಂ, ಪಾಯಿಂಟ್ ಮೂರರ ವ್ಯತ್ಯಾಸ ಇದ್ದೇ ಇದೆ!" ಎಂದು ಭಾವ ಕುಪ್ಪಳಿಸಿದ.

"ಇದೆ. ಆದ್ರೆ ನಂಗೆ ಬೇಕಾದ್ದು ಸೊನ್ನೆ. ಇದು ನೋಡಿದ್ರೆ ಮೂರೂ ಥರ್ಮಾಮೀಟರ್ ಕೆಟ್ಟಿದೆ ಅಂತ ಬರೀಬೇಕಾಗುತ್ತೆ. ಆಗ ನಿಮ್ಮ ಹದಿನಾರು ದಿನದ ಪಟ್ಟಿಗೆ ಮೂರು ಕಾಸಿನ ಬೆಲೆ ಇರಲ್ಲ."

ಇದ್ದ ದಾರಿಯನ್ನೂ ತನ್ನ ಕೈಯಾರೆ ಮುಚ್ಚಿಕೊಂಡೆನೇ ಎಂದು ಅವಳಿಗೆ ಅಳು ಬಂತು. ಕರಗುವ ಮಂಜುಗಡ್ಡೆ ಸೊನ್ನೆಗಿಂತ ಕೆಳಗೆ ಹೋಗುವುದಾದರೂ ಹೇಗೆ? ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಅಲ್ಲ, ಒಮ್ಮೆ ಹೋಗಿತ್ತು. ಹಿಂದಿನ ಪ್ರಯೋಗದ ಬೀಕರನ್ನು ಅವಳು ಸರಿಯಾಗಿ ತೊಳೆಯದೇ ಇದ್ದ ದಿನ.

ಅವಳು ತೊಟ್ಟಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಕಟು ಉಪ್ಪು.

"ಭಾವ, ಮೀನಿಗೆ ಹಾಕೋ ಐಸಿಗೆ ಅವರು ಉಪ್ಪು ಬೆರೆಸ್ತಾರೆ! ಉಪ್ಪಿದ್ರೆ ಐಸು ಸೊನ್ನೇಲಿ ನಿಲ್ಲಲ್ಲ, ಇನ್ನೂ ತಣ್ಣಗಾಗುತ್ತೆ."

"ಉಪ್ಪು ತಿಂದೋರು ನೀರು ಕುಡೀಬೇಕು," ಎಂದ ಮಿಸ್ತ್ರಿ, ತೊಟ್ಟಿಯನ್ನು ಎತ್ತಿ ಚರಂಡಿಗೆ ಸುರಿಯುತ್ತ. ಅವಳು ಅಧಿಕಾರಿಯತ್ತ ತಿರುಗಿದಳು. ಬೇಡಿಕೊಳ್ಳಲಿಲ್ಲ, ಅಂದು ಶಾಲೆಯಲ್ಲಿ ಮೇಷ್ಟರಿಗೆ ಹೇಳಿದಂತೆ ಹೇಳಿದಳು: "ಪಾತ್ರೆ ಕೊಳಕಾಗಿತ್ತು. ಇನ್ನೊಂದ್ಸಲ ಮಾಡ್ತೀನಿ."

ಅಧಿಕಾರಿಯೂ ಬೆರಳದ್ದಿ ರುಚಿ ನೋಡಿದ್ದರು. ಮುಖ ಕಿವುಚಿಕೊಂಡು ಗಡಿಯಾರ ನೋಡಿದರು. "ಮೂರೂ ಕಾಲು. ಮಾಡಮ್ಮ."

ಈ ಸಲ ಅವಳು ಯಾರಿಗೂ ಏನನ್ನೂ ಬಿಟ್ಟುಕೊಡಲಿಲ್ಲ. ಭಾವನನ್ನು ಬಂದರಿನ ಕ್ಯಾಂಟೀನಿಗೆ ಅಟ್ಟಿದಳು: ಫ್ರಿಜ್ಜಿನಲ್ಲಿ ಕುಡಿಯುವ ನೀರಿನ ಐಸು ಎಷ್ಟಿದೆಯೋ ಅಷ್ಟೂ, ಟ್ರೇ ಸಮೇತ. ಮಿಸ್ತ್ರಿಗೆ ಫೋರ್ಕ್‌ಲಿಫ್ಟಿನ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಬಾಟಲಿಗಳನ್ನು ತರಲು ಹೇಳಿದಳು, ಸೀಲು ಒಡೆಯದಂಥವು. ತಾನು ಒಂದು ಸ್ಟೀಲು ಡಬ್ಬಿ ಹಿಡಿದು ನಲ್ಲಿಯ ಕೆಳಗೆ ಕೂತಳು. ಮೂರು ಸಲ ನಲ್ಲಿ ನೀರು, ಮೂರು ಸಲ ಬಾಟಲಿ ನೀರು. ಮುಳ್ಳುಗಳನ್ನೂ ಒಂದೊಂದಾಗಿ ತೊಳೆದು ಒರೆಸಿದಳು. ಐಸನ್ನು ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸುತ್ತಿಗೆಯಿಂದ ಜಜ್ಜಿ ಹರಳು ಮಾಡಿದಳು. ಡಬ್ಬಿ ತುಂಬ ಹರಳು ಒತ್ತಿ, ಸಂದು ತುಂಬುವಷ್ಟೇ ನೀರು ಹಾಕಿದಳು. ನೀರು ಹೆಚ್ಚಾದರೆ ಐಸು ತೇಲುತ್ತದೆ, ತಳ ಬೆಚ್ಚಗಾಗುತ್ತದೆ. ಮುಳ್ಳುಗಳು ಡಬ್ಬಿಯ ಅಂಚಿಗೆ ತಾಗದಂತೆ ಮೂರನ್ನೂ ನಡುವಿಗೆ ಇಳಿಬಿಟ್ಟು, ಮೆಲ್ಲಗೆ ಕಲಕಿ, ಕೈಕಟ್ಟಿ ನಿಂತಳು.

"ನೋಡೋಣ?" ಎಂದ ಭಾವ.

"ಹತ್ತು ನಿಮಿಷ."

"ಆಗ್ಲೇ ನಾಲ್ಕು ಗಂಟೆ..."

"ಹತ್ತು ನಿಮಿಷ ಭಾವ. ಅವಸರ ಮಾಡಿದ್ರೆ ಐಸಿಗೆ ಕೋಪ ಬರುತ್ತೆ." ಹನ್ನೊಂದು ವರ್ಷ ಬೇರೆಯವರ ಪಾಠಕ್ಕೆ ಮಾಡಿಟ್ಟ ಕೆಲಸ ಇದು. ಪಾಠ ಶುರುವಾಗುವ ಹೊತ್ತಿಗೆ ತಾನು ಕೋಣೆಯ ಒಳಗೇ ನಿಂತಿರುವುದು ಇದೇ ಮೊದಲು ಎಂದು ಅವಳಿಗೆ ಅನ್ನಿಸಿತು, ಹೆದರಿಕೆಯ ನಡುವೆಯೂ ಒಂದು ಹೆಮ್ಮೆ ಬಂತು.

ಹತ್ತು ನಿಮಿಷವಾದ ಮೇಲೆ ಅಧಿಕಾರಿ ತಾವೇ ಎದ್ದು ಬಂದು ಪರದೆ ಒರೆಸಿ ಓದಿದರು. "ಎರಡನೇದು, ಸೊನ್ನೆ. ಮೂರನೇದು, ಸೊನ್ನೆ." ಒಂದು ಉಸಿರು ಬಿಟ್ಟರು. "ಒಂದನೇದು, ಪಾಯಿಂಟ್ ಮೂರು."

ಭಾವ ಬಾಯಿ ತೆರೆದ. ಅಧಿಕಾರಿ ಕೈಯೆತ್ತಿ ತಡೆದರು. ನಿಯಮದ ಪ್ರಕಾರ ಮೂರು ಸಲ ಓದಬೇಕು. ಮುಳ್ಳು ತೆಗೆಸಿ, ಮತ್ತೆ ಅದ್ದಿಸಿ, ಇನ್ನೂ ಎರಡು ಸಲ ಓದಿದರು. ಸೊನ್ನೆ, ಸೊನ್ನೆ, ಪಾಯಿಂಟ್ ಮೂರು. ಒಂದು ಕೂದಲೆಳೆಯೂ ಅತ್ತಿತ್ತ ಇಲ್ಲ.

"ಆದ್ರೂ ಅವರ ಕಾಗದ ಮೂರನೇದು ಅನ್ನುತ್ತೆ, ನನ್ನ ಡಬ್ಬಿ ಒಂದನೇದು ಅನ್ನುತ್ತೆ. ಎರಡಕ್ಕೂ ತಾಳೆ ಆಗ್ಬೇಕಲ್ಲ," ಎನ್ನುತ್ತ ಅಧಿಕಾರಿ ಕಡತವನ್ನು ಮುಂದಿಟ್ಟುಕೊಂಡು ತಾವೇ ಹಾಳೆ ತಿರುವತೊಡಗಿದರು. ಐಸ್ ಪರೀಕ್ಷೆಯ ಕಾಗದದ ಹಿಂಬದಿಯಲ್ಲಿ ಕಂಟೇನರಿನ ಒಂದು ಪುಟ್ಟ ಚಿತ್ರವಿತ್ತು, ಯಾರೋ ಕೈಯಲ್ಲಿ ಬರೆದದ್ದು. ಬೆಳಗ್ಗೆಯಿಂದ ಆ ಹಾಳೆಯನ್ನು ಯಾರೂ ತಿರುವಿ ನೋಡಿರಲಿಲ್ಲ. ಒಂದು ತುದಿಯಲ್ಲಿ ತಂಪು ಯಂತ್ರ, ಅದರ ಪಕ್ಕ 1. ನಡುವೆ 2. ಇನ್ನೊಂದು ತುದಿಯಲ್ಲಿ ತೆರೆದ ಬಾಗಿಲು, ಅದರ ಪಕ್ಕ 3.

"ಮಿಸ್ತ್ರಿ, ಈ ಯಂತ್ರದ ಒಂದನೇ ವೈರು ಎಲ್ಲಿತ್ತು?"

"ಬಾಗಿಲ ಹತ್ರ ಮೇಡಂ. ಈ ಕಂಪನಿ ಕಂಟೇನರಲ್ಲಿ ಯಾವಾಗ್ಲೂ ಬಾಗಿಲಿಂದಲೇ."

ಅಧಿಕಾರಿ ಕೆಂಪು ಪೆನ್ನು ಬದಿಗಿಟ್ಟು ನೀಲಿ ಪೆನ್ನು ತೆಗೆದರು. ಹದಿನಾರು ದಿನದ ಸಾಲಿನ ಪಕ್ಕ ಹದಿನಾರು ಸಲ ಕಳೆದು ಬರೆದರು, ಒಂದು ಪಾಯಿಂಟ್ ನಾಲ್ಕು, ಒಂದು ಪಾಯಿಂಟ್ ನಾಲ್ಕು. ಮೂರನೆಯದರ ಲೆಕ್ಕ ಏನೂ ಕಳೆಯದೆಯೇ ಒಂದೂವರೆ ಒಳಗಿತ್ತು. ಕೊನೆಗೆ ಡ್ರಾಯರಿನಿಂದ ಮೊಹರು ತೆಗೆದು, ಶಾಯಿಗೆ ಎರಡು ಸಲ ಒತ್ತಿ, ಬಿಡುಗಡೆ ಪತ್ರದ ಮೇಲೆ ಮೇಜು ಅಲುಗುವಂತೆ ಗುದ್ದಿದರು. ಗಡಿಯಾರದಲ್ಲಿ ನಾಲ್ಕು ಇಪ್ಪತ್ತಾರು.

"ನೆಲ ನಿಜವಾಗ್ಲೂ ಡೊಂಕಾಗಿತ್ತಮ್ಮ," ಎಂದರು. ಈಗ ಅವರ ಮುಖದಲ್ಲಿ ನಗು ಇತ್ತು. "ಇನ್ನು ನೀನು ಕುಣೀಬಹುದು."

ಕುಣಿದದ್ದು ಅವಳಲ್ಲ, ಭಾವ. ಮಿಸ್ತ್ರಿಯ ಉಣ್ಣೆಯ ಟೋಪಿ ಕಿತ್ತು ಗಾಳಿಗೆಸೆದು, ಚಳಿಯ ಶೆಡ್ಡಿನಲ್ಲಿ ಒಂದು ಸುತ್ತು ಬಂದು, ಫೋನು ತೆಗೆದು ಕೂಗಿದ: "ಅಮ್ಮಾ! ಬಿಟ್ರು ಅಮ್ಮಾ! ಅಷ್ಟೂ ಪೆಟ್ಟಿಗೆ ಬಿಟ್ರು! ನಾನಲ್ಲ, ನಾನು ಮೀನಿನ ಐಸು ತಂದು ಕೆಡಿಸಿದ್ದೆ. ನಮ್ಮ ಲ್ಯಾಬು!" ಆಚೆಯಿಂದ ಏನು ಉತ್ತರ ಬಂತೋ, ಅವನು ಸುಮ್ಮನಾಗಿ ಕೇಳಿ, "ಹ್ಞೂಂ" ಎಂದು ಫೋನು ಇಟ್ಟ. ಅವಳು ಪೆಟ್ಟಿಗೆಯೊಂದರ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಸಂತೋಷ ತಡೆಯಲಾಗಲಿಲ್ಲ, ಅಷ್ಟೇ. ಮಿಸ್ತ್ರಿ ವೈರಿನ ತುದಿಯಿಂದ ಬಿಡಿಸಿಟ್ಟಿದ್ದ ತೂತು ಬಿದ್ದ ಕಿತ್ತಳೆಯನ್ನು ಒರೆಸಿ ಅವಳ ಕೈಗಿತ್ತ. "ಇದನ್ನ ಮಾರೋ ಹಾಗಿಲ್ಲ ತಾಯಿ. ತಿನ್ನು."

ಅವಳು ತಿನ್ನಲಿಲ್ಲ. ಚೀಲದಲ್ಲಿಟ್ಟುಕೊಂಡಳು.

ಮರುದಿನ ಬೆಳಗ್ಗೆ ಲಾರಿ ಅಂಗಡಿಯ ಮುಂದೆ ನಿಂತಾಗ ಬೀದಿಯ ವ್ಯಾಪಾರಿಗಳೆಲ್ಲ ಹೊರಗೆ ಬಂದಿದ್ದರು. ಸಗಟು ವ್ಯಾಪಾರಿಯೂ ತನ್ನ ಮೆಟ್ಟಿಲ ಮೇಲೆ ನಿಂತು, ನೋಡಿಯೂ ನೋಡದವನ ಹಾಗೆ ಹಲ್ಲು ಚುಚ್ಚಿಕೊಳ್ಳುತ್ತಿದ್ದ. ಅವಳು ಹಿಂದಿನ ಕೋಣೆಗೆ ಹೋಗಿ ಅತ್ತೆಯ ಕೈಗೆ ತೂತು ಬಿದ್ದ ಕಿತ್ತಳೆಯನ್ನಿಟ್ಟಳು. ಅತ್ತೆ ತೊಟ್ಟಿನ ಬಳಿ ಮೂಸಿದರು. ಅವರು ಯಾವ ಹಣ್ಣನ್ನಾದರೂ ತೂಗುವುದು ಮೂಗಿನಲ್ಲೇ. ಹೆಬ್ಬೆರಳು ಹಾಕಿ ಸುಲಿದರು. ಘಮ ಕೋಣೆಯ ತುಂಬ ಹರಡಿತು. ಒಂದು ತೊಳೆ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದರು.

"ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ," ಎಂದ ಭಾವ ಬಾಗಿಲಿಂದ.

"ನೀನು ಸುಮ್ನೆ ಪೆಟ್ಟಿಗೆ ಇಳಿಸೋ," ಎಂದರು ಅತ್ತೆ. ಉಳಿದ ತೊಳೆಗಳನ್ನು ಸೊಸೆಯ ಅಂಗೈಗೆ ಸುರಿದು, ಎದ್ದು, ಕಪಾಟಿನ ಮೇಲಿನಿಂದ ಏನನ್ನೋ ತಡಕಿ ತೆಗೆದರು. ಹಳೆಯ ಬಣ್ಣದ ಡಬ್ಬಿ, ಅದರೊಳಗೆ ಕುಂಚ. ಅವಳೇ ಅಂದು ತಂದಿದ್ದದ್ದು. ಬಿಸಾಡಿರಬೇಕು ಎಂದುಕೊಂಡಿದ್ದಳು.

"ನಂಬರ್ ಬರಿ," ಎಂದರು ಅತ್ತೆ. "ಎಲ್ಲಿಂದ ಅಂತ ನೀನೇ ನೋಡ್ಕೋ."

ಅವಳು ಗೋಡೆ ನೋಡಿದಳು, ಬಾಗಿಲು ನೋಡಿದಳು. ಹೊರಗೆ ಕೂಲಿಗಳು ಮೊದಲ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಕಾಯುತ್ತಿದ್ದರು. ಅವಳು ಬಾಗಿಲ ಬಳಿ ಮಂಡಿಯೂರಿ, ಕುಂಚವನ್ನು ಅದ್ದಿ, ನೆಲದ ಮೇಲೆ ದಪ್ಪಗೆ '1' ಎಂದು ಬರೆದಳು.

ಹಿಂದಿನಿಂದ ಮರ ನೆಲಕ್ಕೆ ಉಜ್ಜುವ ಸದ್ದು ಕೇಳಿತು. ಅತ್ತೆ ಗೋಡೆಯ ಪಕ್ಕದಿಂದ ತಮ್ಮ ಸ್ಟೂಲನ್ನು ತಾವೇ ಎಳೆದುಕೊಂಡು ಬರುತ್ತಿದ್ದರು. ಬಾಗಿಲ ಬಳಿ ಅದನ್ನು ನಿಲ್ಲಿಸಿ, ಹಸಿ ಬಣ್ಣಕ್ಕೆ ಚಪ್ಪಲಿ ತಾಗದ ಹಾಗೆ ಕಾಲು ಎತ್ತಿಟ್ಟುಕೊಂಡು ಕೂತರು.